ಗಾಲಿಯ ಮೇಲಿನ ಕುಂಕುಮ

ದುಷ್ಯಂತ ಗ್ಯಾರೇಜಿನ ಗೋಡೆಯಲ್ಲಿದ್ದ ಮರದ ಗಾಲಿಯ ಎರಡನೇ ಸ್ಕ್ರೂ ಬಿಚ್ಚುತ್ತಿದ್ದಾಗ ನಾಗಮಣಿ ಬಾಗಿಲಲ್ಲಿ ಬಂದು ನಿಂತರು.

“ಏನೋ ಮಾಡ್ತಿದೀಯ?”

“ಮಾವನ ಜೊತೆ ಕಳಿಸೋಣ ಅಂತ, ಅತ್ತೆ. ಮರದ್ದಲ್ವಾ, ಪೆಟ್ಟಿಗೇಲಿ ಇಡಬಹುದಂತೆ. ಕೇಳಿದೆ.”

ನಾಗಮಣಿಯ ಗಂಡ ಬದರಿನಾಥರ ದೇಹ ಸ್ಟಾಫರ್ಡ್ ಹತ್ತಿರದ ಫ್ಯೂನರಲ್ ಹೋಮಿನಲ್ಲಿತ್ತು, ದಹನ ಮಧ್ಯಾಹ್ನಕ್ಕೆ. ಅವರಿಗೆ ಮಕ್ಕಳಿರಲಿಲ್ಲ. ಕರ್ಮ ಮಾಡಲೆಂದು ತಂಗಿಯ ಮಗ ದುಷ್ಯಂತ ತಾಯಿ ಅನಸೂಯಳನ್ನು ಕರೆದುಕೊಂಡು ನಾಲ್ಕು ಗಂಟೆ ದಾರಿಯ ಫ್ರಿಸ್ಕೋದಿಂದ ಬಂದಿದ್ದ. ಒಳ್ಳೆಯ ಹುಡುಗ. ಒಳ್ಳೆಯವರಿಗೆ ಸುಮ್ಮನೆ ಕೂತಿರಲು ಬರುವುದಿಲ್ಲ, ಅದೇ ತೊಂದರೆ.

“ಕಳಿಸಿಬಿಡಿ ಅತ್ತಿಗೆ, ಅಣ್ಣಂಗೆ ಅದು ಪ್ರಾಣ ಆಗಿತ್ತು,” ಎಂದಳು ಅನಸೂಯ.

“ಬೇಡ. ಇನ್ನೂ ಮೂರು ದಿನ ಇದೆ.”

ಯಾತಕ್ಕೆ ಮೂರು ದಿನ ಎಂದು ತಾಯಿ ಮಗ ಇಬ್ಬರಿಗೂ ತಿಳಿಯಲಿಲ್ಲ.

*

ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ತೈಲ ಕಂಪನಿಯಿಂದ ರಿಟೈರ್ ಆದ ವರ್ಷ ಬದರಿನಾಥರಿಗೆ ಪುರಾತನ ಮಾಯಾ ಜನರ ಪಂಚಾಂಗದ ಹುಚ್ಚು ಹಿಡಿಯಿತು. ಮೆಕ್ಸಿಕೋ ನೋಡಿ ಬಂದವರು ಟೋಪಿ ತರುತ್ತಾರೆ. ಇವರು ಲೆಕ್ಕ ತಂದರು. ಒಂದಕ್ಕೊಂದು ಹಲ್ಲು ಕೂಡುವ ಎರಡು ಗಾಲಿ ಕೊರೆದರು. ಚಿಕ್ಕದಕ್ಕೆ ಇನ್ನೂರ ಅರವತ್ತು ಹಲ್ಲು, ಅದು ಮಾಯಾದವರ ಪೂಜೆ, ಶಕುನದ ಎಣಿಕೆ. ದೊಡ್ಡದಕ್ಕೆ ಮುನ್ನೂರ ಅರವತ್ತೈದು, ಅದು ಸೂರ್ಯನ ವರ್ಷ. ದಿನವೂ ಕಾಫಿ ಕುಡಿದು ಒಂದು ಹಲ್ಲು ತಿರುಗಿಸುವುದು.

“ನಮ್ಮಲ್ಲಿ ಸಂವತ್ಸರದ ಹೆಸರು ಅರವತ್ತು ವರ್ಷಕ್ಕೆ ಮತ್ತೆ ಬರತ್ತಲ್ಲ, ಹಾಗೇ ಕಣೇ. ಇವತ್ತು ಕೂಡಿರೋ ಎರಡು ಹಲ್ಲು ಮತ್ತೆ ಕೂಡೋದು ಐವತ್ತೆರಡು ವರ್ಷಕ್ಕೆ,” ಎಂದು, ಹೆಂಡತಿಯ ಭರಣಿಯಿಂದಲೇ ಕುಂಕುಮ ತೆಗೆದು, ಸಾವಿರದ ಒಂಬೈನೂರ ಐವತ್ತನಾಲ್ಕರ ತಮ್ಮ ಮದುವೆಯ ದಿನದ ಎರಡು ಹಲ್ಲಿಗೂ ಬೊಟ್ಟಿಟ್ಟರು. “ಇವೆರಡೂ ಮುಟ್ಟಿದ ದಿನ ನಮಗೆ ಮತ್ತೆ ಮದುವೆ.”

“ಷಷ್ಟ್ಯಬ್ದೀಲಿ ಒಂದ್ಸಲ ಆಯ್ತಲ್ಲ. ನಿಮ್ಮನ್ನ ಎಷ್ಟು ಸಲ ಅಂತ ಕಟ್ಕೊಳ್ಳಿ?” ಎಂದು ನಾಗಮಣಿ ನಕ್ಕಿದ್ದರು. ಈ ವರ್ಷ, ಎರಡು ಸಾವಿರದ ಆರು ಹುಟ್ಟಿದ ಕೂಡಲೇ, ಯಾರಿಗೂ ಹೇಳದೆ ಮೈಸೂರಿನಿಂದ ಒಂದು ರೇಷ್ಮೆ ಸೀರೆ ತರಿಸಿಟ್ಟಿದ್ದರು.

*

ನಾಗಮಣಿ ಇದನ್ನೆಲ್ಲ ಹೇಳಿದಾಗ ಅನಸೂಯ ಸೆರಗು ಬಾಯಿಗೊತ್ತಿಕೊಂಡಳು. “ಆದ್ರೆ ಅತ್ತಿಗೆ, ಹತ್ತನೇ ದಿನ ನಿಮ್ಮ...” ಎಂದವಳು ನಾಗಮಣಿಯ ಹಣೆ ನೋಡಿ ತಡೆದಳು.

“ಕುಂಕುಮ ತೆಗಿತೀರಿ, ಗೊತ್ತು. ಅದಕ್ಕೆ ಮುಂಚೆ, ಮೂರು ದಿನಕ್ಕೆ, ಈ ಎರಡು ಬೊಟ್ಟು ಮುಟ್ಟೋ ದಿನ ಬರತ್ತೆ.”

ದುಷ್ಯಂತ ಸ್ಕ್ರೂಗಳನ್ನು ಮತ್ತೆ ಬಿಗಿದು, ಕಾರು ತೆಗೆಯಲು ಹೋದ. ಅನಸೂಯ ಹಿಂದೆಯೇ ಹೋದಳು.

ನಾಗಮಣಿಗೆ ಆಗ ಅಳು ಒತ್ತರಿಸಿಕೊಂಡು ಬಂತು. ಅಳುವಿನ ಜೊತೆ ಸಿಟ್ಟೂ ಬಂತು. ಇಷ್ಟು ವರ್ಷ ಕಾದ ಮನುಷ್ಯ ಇನ್ನು ಆರು ದಿನ ತಡೆಯಬಾರದಿತ್ತೇ? ಅವರು ಹೋದಾಗಿನಿಂದ, ಮೂರು ದಿನ, ಗಾಲಿ ನಿಂತೇ ಇತ್ತು. ಉಳಿದ ಹಲ್ಲುಗಳನ್ನು ಒಂದೊಂದಾಗಿ, ಇವತ್ತಿನವರೆಗೆ ಮಾತ್ರ, ತಿರುಗಿಸಿದರು. ಎರಡು ಬೊಟ್ಟುಗಳೂ ಹತ್ತಿರ ಬಂದವು. ಎರಡೂ ಮಾಸಿಹೋಗಿದ್ದವು.

ಹೊರಗೆ ದುಷ್ಯಂತ ಮೆಲ್ಲಗೆ ಹಾರನ್ ಮಾಡಿದ. ನಾಗಮಣಿ ಉಂಗುರದ ಬೆರಳಿನಿಂದ ತಮ್ಮ ಹಣೆಯ ಕುಂಕುಮ ತೆಗೆದು ಚಿಕ್ಕ ಗಾಲಿಯ ಹಲ್ಲಿಗೆ ಇಟ್ಟರು. ಬೆರಳಲ್ಲಿ ಉಳಿದದ್ದನ್ನು ದೊಡ್ಡ ಗಾಲಿಯ ಹಲ್ಲಿಗೆ ಒತ್ತಿದರು.