ಎರಡಿಂಚಿನ ಸಂದು

ಬೆಳಿಗ್ಗೆ ಆರೂವರೆಗೆ ಕೃಷ್ಣಾಬಾಯಿಯ ಫೋನು ಬಂದಾಗ ನೀಲಿಮಾ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ.

"ತಂಗೀ, ಲಗೂನ ಬಾ. ಇವತ್ತಿನ ಗಾಡ್ಯಾಗ ಒಂದು ಬಂದೈತಿ. ಯಾರಿಗೂ ಕೊಟ್ಟಿಲ್ಲ, ಬರ್ಫದಾಗ ಮುಚ್ಚಿಟ್ಟೀನಿ."

ಏನು ಬಂದಿದೆ ಎಂದು ನೀಲಿಮಾ ಕೇಳಬೇಕಾಗಿರಲಿಲ್ಲ. ಮುಖ ತೊಳೆದವಳೇ ಚಿಂಚವಾಡದಿಂದ ಲೋಕಲ್ ರೈಲು ಹಿಡಿದು ಮೀನುಪೇಟೆಗೆ ಹೊರಟಳು.

ನೀಲಿಮಾ ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕಡಲ ಮೀನುಗಳ ಅಭ್ಯಾಸ ಮಾಡುವವಳು. ಸಮುದ್ರವೇ ಇಲ್ಲದ ಊರಲ್ಲಿ ಇದೆಂಥ ಕೆಲಸ ಎಂದು ಕೇಳಿದವರಿಗೆ, ಕೊಂಕಣದ ಬಂದರುಗಳ ಮೀನೆಲ್ಲ ಬೆಳಗಾಗುವುದರೊಳಗೆ ಘಟ್ಟ ಹತ್ತಿ ಇಲ್ಲಿಗೇ ಬರುತ್ತದಲ್ಲ ಎಂದು ನಗುತ್ತಿದ್ದಳು. ಅವಳು ಬೆನ್ನು ಹತ್ತಿದ್ದು ಒಂದೇ ಮೀನನ್ನು, ಗಿಟಾರ್ ತೊರಕೆಯನ್ನು. ತೊರಕೆ ಎಂದರೆ ಕಡಲ ತಳದ ಮರಳಿಗೆ ಅಂಟಿಕೊಂಡಿರುವ ಚಪ್ಪಟೆ ಮೀನು. ಮರಾಠಿಯವರು ಪಾಕಟ್ ಅನ್ನುತ್ತಾರೆ. ಈ ಜಾತಿಯದಕ್ಕೆ ಮುಂಭಾಗವಷ್ಟೇ ಚಪ್ಪಟೆ, ಮೂತಿ ಚೂಪು, ಹಿಂಭಾಗ ಶಾರ್ಕಿನಂಥ ದಪ್ಪ ಬಾಲ. ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ; ಅದೂ ಒಂದು ಸಲಕ್ಕೆ ಬೆರಳೆಣಿಕೆಯಷ್ಟು. ಒಮ್ಮೆ ಸಂತತಿ ಕುಸಿಯಿತೆಂದರೆ ಮತ್ತೆ ಮೇಲೇಳುವುದು ಕಷ್ಟ. ಹಿಡಿಯಬಾರದೆಂಬ ಕಾನೂನು ಇದರ ಕೆಲವು ಜಾತಿಗಳಿಗೆ ಇದ್ದರೂ, ಸಿಗಡಿಗೆಂದು ತಳ ಕೆರೆಯುತ್ತ ಎಳೆಯುವ ಬಲೆಗಳಲ್ಲಿ ಅವು ತಾವಾಗಿಯೇ ಸಿಕ್ಕಿ, ಮೇಲೆ ಬರುವ ಹೊತ್ತಿಗೆ ಸತ್ತಿರುತ್ತವೆ.

ಮೂರು ವರ್ಷದ ಹಿಂದೆ ನೀಲಿಮಾ ಟೇಪು, ನೋಟುಬುಕ್ಕು ಹಿಡಿದು ಪೇಟೆಗೆ ಬಂದ ಮೊದಲ ದಿನ ಯಾರೂ ಅವಳನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಸರಕಾರದವಳೋ, ಪೇಪರಿನವಳೋ ಎಂಬ ಅನುಮಾನ. ಅವಳು ಮೂಲೆಯಲ್ಲಿ ನಿಂತು ಧಾರವಾಡದ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ಪಾಪ್ಲೆಟ್ ಮೀನಿನ ರಾಶಿಯ ಹಿಂದಿನಿಂದ ಒಬ್ಬ ಹೆಂಗಸು "ನಮ್ಮ ಕಡೆಯಾಕೀನ ಏನವ್ವಾ?" ಎಂದು ಕೂಗಿದ್ದಳು. ಅವಳೇ ಕೃಷ್ಣಾಬಾಯಿ. ಅಥಣಿ ಕಡೆ, ಕೃಷ್ಣಾ ನದಿಯಲ್ಲಿ ಮೀನು ಹಿಡಿಯುವ ಮನೆತನದಲ್ಲಿ ಹುಟ್ಟಿ, ಲಗ್ನವಾಗಿ ಪುಣೆಗೆ ಬಂದು ನಲವತ್ತು ವರ್ಷವಾಗಿತ್ತು. ಅಂದು ತನ್ನ ಮಣೆಯನ್ನೇ ಸರಿಸಿ ಕೂರಿಸಿ, ಚಹಾ ತರಿಸಿ, ಯಾವ ಬುಟ್ಟಿಯಲ್ಲಿ ಯಾವ ಮೀನು ಯಾವ ಬಂದರಿನದು ಎಂದು ಹೇಳಿಕೊಟ್ಟಳು. ನೀಲಿಮಾಳ ಸಂಶೋಧನೆ ಶುರುವಾದದ್ದು ಆ ಮಣೆಯ ಮೇಲೆ ಎಂದರೂ ಸುಳ್ಳಲ್ಲ.

ಫೋನು ಬಂದ ಆ ಬೆಳಿಗ್ಗೆ ಬರ್ಫದ ಕೆಳಗಿದ್ದದ್ದು ಐದೂವರೆ ಅಡಿಯ ಹೆಣ್ಣು ತೊರಕೆ. ಅಳತೆ ಬರೆದುಕೊಂಡು, ನೀಲಿಮಾ ಹೊಟ್ಟೆ ಕೊಯ್ದಳು. ಒಳಗೆ ಆರು ಮರಿಗಳಿದ್ದವು. ಒಂದೊಂದೂ ಗೇಣುದ್ದ, ಕಣ್ಣು, ಮೂತಿ, ರೆಕ್ಕೆ ಎಲ್ಲ ತುಂಬಿಕೊಂಡು, ಇನ್ನೇನು ಹೊರಬರಲು ಸಿದ್ಧವಾಗಿದ್ದವು.

ಸಾವಿರಗಟ್ಟಲೆ ಮೀನು ಕೊಯ್ದ ಕೈ ಕೃಷ್ಣಾಬಾಯಿಯದು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹೇಳಿದಳು: "ಮೂರು ವರ್ಷ ಆತು, ನೀ ಬರೇ ಸತ್ತದ್ದನ್ನ ಅಳ್ಯಾಕತ್ತಿ ತಂಗೀ. ಜೀವಂತ ಇದ್ದದ್ದನ್ನ ಉಳಸಾಕ ಏನರ ಮಾಡ್ತಿಯೋ ಇಲ್ಲೋ?"

ಮಾತು ನೀಲಿಮಾಳ ಎದೆಗೆ ನಾಟಿತು.

ಅವಳು ಇದ್ದದ್ದು ಸೋದರಮಾವ ರಾಘಣ್ಣನ ಮನೆಯಲ್ಲಿ. ಎಂ.ಎಸ್‌ಸಿ. ಓದಲೆಂದು ಬಂದವಳನ್ನು ಮಾವ, ಮಾಮಿ ಹತ್ತು ವರ್ಷದಿಂದ ಮಗಳಂತೆ ಇಟ್ಟುಕೊಂಡಿದ್ದರು. ರಾಘಣ್ಣ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಅಚ್ಚುಗಳನ್ನು ತಯಾರಿಸುವ ಟೂಲ್‌ರೂಮಿನಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಣ್ಣಲ್ಲೇ ಹಿಡಿಯುತ್ತಾರೆಂಬ ಹೆಸರು ಅವರಿಗೆ. ಮನೆಯಲ್ಲಿ ಉಳ್ಳಾಗಡ್ಡಿ ಕೂಡ ವಾರದಲ್ಲಿ ನಾಲ್ಕೇ ದಿನ. ಆದರೂ ನೀಲಿಮಾ ಮೀನಿನ ವಾಸನೆ ಹೊತ್ತು ಬಂದಾಗ ಅವರು ಒಂದು ದಿನವೂ ಮೂಗು ಮುರಿದವರಲ್ಲ. ಬಾಗಿಲಲ್ಲೇ ಬಕೆಟ್ಟಿನಲ್ಲಿ ನೀರಿಟ್ಟಿರುತ್ತಿದ್ದರು.

ಆ ಸಂಜೆ ಅವಳು ಆರು ಮರಿಗಳ ವಿಷಯ ಹೇಳಿದಾಗ ರಾಘಣ್ಣ ಪೇಪರು ಮಡಚಿಟ್ಟರು.

"ಬಲಿ ಎಳೆಯೋದು ಸಿಗಡಿಗೆ ಅಂದ್ಯಲ್ಲ? ಸಿಗಡಿ ಸಣ್ಣದು, ಇದು ದೊಡ್ಡದು. ಹಂಗಿದ್ರ ಇದು ಜರಡಿ ಕೆಲಸ ಅಲ್ಲೇನು ನೀಲಾ?"

"ಹೌದು ಮಾಮಾ. ಬ್ಯಾರೆ ದೇಶದಾಗ ಬಲಿಯೊಳಗ ಸರಳಿನ ಜಾಳಿ ಕಟ್ತಾರ. ಸಿಗಡಿ ಸರಳಿನ ಸಂದಿಲೆ ಹಿಂದ ಹೋಗ್ತದ, ದೊಡ್ಡ ಮೀನು ಜಾಳಿಗೆ ಬಡದು ಅಲ್ಲೇ ಇರೋ ಕಿಂಡಿಯಿಂದ ಹೊರಗ ಹೋಗ್ತದ. ಕಡಲಾಮಿ ಉಳಸೋ ಸಲುವಾಗಿ ಮಾಡಿದ್ದು ಅದು."

"ಚಿತ್ರ ಅದ ಏನು? ತಾ ಇಲ್ಲಿ."

ಅಡುಗೆಮನೆಯಿಂದ ಗೋದಾ ಮಾಮಿ ಹಣಕಿ ನೋಡಿದರು. "ಜನ್ಮದಾಗ ಮನಿಯೊಳಗ ಒಂದು ಕೋಳಿ ತತ್ತಿ ಬಂದಿಲ್ಲ. ಈಗ ಮೀನಿನ ಜಾಳಿ ಮಾಡ್ಲಿಕ್ಕೆ ನಿಂತ್ರ್ಯಾ?"

"ತಿನ್ನಲಿಕ್ಕೆ ಅಲ್ಲ ಮಾರಾಯ್ತಿ, ಬಿಡಲಿಕ್ಕೆ," ಎಂದರು ರಾಘಣ್ಣ.

ಚಾಕಣದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಸಣ್ಣ ವರ್ಕ್‌ಶಾಪಿತ್ತು. ರಾಘಣ್ಣ ಎರಡು ವಾರ ಊಟದ ಡಬ್ಬಿ ಕಟ್ಟಿಕೊಂಡು ಅಲ್ಲಿಗೆ ಹೋಗಿಬಂದರು. ತಯಾರಾದದ್ದು ಆಳೆತ್ತರದ ಅಂಡಾಕಾರದ ಚೌಕಟ್ಟು, ಅದರಲ್ಲಿ ನಾಲ್ಕಿಂಚಿಗೊಂದು ಸ್ಟೀಲಿನ ಸರಳು. ಅದನ್ನು ಬಲೆಗೆ ಕಟ್ಟಲು ಒಪ್ಪಿದವನು ಅವಧೂತ, ರತ್ನಾಗಿರಿ ಕಡೆಯ ದೋಣಿಯ ಯಜಮಾನ. ಹದಿನೈದು ವರ್ಷದಿಂದ ಕೃಷ್ಣಾಬಾಯಿಗೆ ಮೀನು ಕಳಿಸುತ್ತಿದ್ದವನು. ಒಡಹುಟ್ಟಿದವನಲ್ಲದಿದ್ದರೂ ದೀಪಾವಳಿಯಲ್ಲಿ ಬರುವ ಅಕ್ಕ-ತಮ್ಮಂದಿರ ಹಬ್ಬ ಭಾವುಬೀಜಕ್ಕೆ ಪ್ರತಿ ವರ್ಷ ಬಂದು ಅವಳಿಂದ ಆರತಿ ಮಾಡಿಸಿಕೊಳ್ಳುತ್ತಿದ್ದ. ಅಕ್ಕ ಹೇಳಿದಳೆಂದು ಕಟ್ಟಿದ.

ಫೆಬ್ರವರಿಯಲ್ಲಿ ಮಾಡಿದ ಆ ಮೊದಲ ಪ್ರಯೋಗ ಕೆಟ್ಟಿತು. ಮರುದಿನ ಅವಧೂತ ಫೋನು ಮಾಡಿ ಮರಾಠಿಯಲ್ಲಿ ನಿಧಾನವಾಗಿ ಎಲ್ಲ ಹೇಳಿದ. ದೊಡ್ಡ ತೊರಕೆಯೊಂದರ ಬಾಲ ಸರಳುಗಳ ಸಂದಿನಲ್ಲಿ ಸಿಕ್ಕಿ ಅದು ಅಲ್ಲೇ ಸತ್ತಿತ್ತು. ಅದು ಅಡ್ಡವಾದದ್ದರಿಂದ ಕಸ ತುಂಬಿ ಜಾಳಿ ಮುಚ್ಚಿತು, ಹಿಂದಕ್ಕೆ ಹೋಗಬೇಕಿದ್ದ ಸಿಗಡಿಯೆಲ್ಲ ಕಿಂಡಿಯಿಂದ ಹೊರಗೆ ಹೋಯಿತು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನೀಲಿಮಾಳಿಗೆ ಹೆಚ್ಚು ನೋವಾಯಿತು. ಇಡೀ ದಿನದ ದುಡಿಮೆ ಕಳೆದುಕೊಂಡವನು, ಮೀನು ಸತ್ತದ್ದಕ್ಕೆ ತಾನೇ ಕ್ಷಮೆ ಕೇಳಿದ್ದ. ಇನ್ನು ಕಟ್ಟುವುದು ಬೇಡ ತಾಯಿ, ಎಂದಿದ್ದ.

"ಸಾಕು ಮಾಮಾ, ಬಿಟ್ಟುಬಿಡೋಣು," ಎಂದಳು ಅವಳು. "ಉಳಸಲಿಕ್ಕೆ ಹೋಗಿ ನಾವೇ ಒಂದನ್ನ ಕೊಂದಿವಿ."

"ತಪ್ಪು ನಂದು," ಎಂದರು ರಾಘಣ್ಣ. "ಚಿತ್ರ ನೋಡಿ ಅಳತಿ ಇಟ್ಟೆ. ಮಾಲು ನೋಡದ ಅಚ್ಚು ಮಾಡಿದ್ರ ಹಿಂಗ ಆಗ್ತದ. ನನ್ನ ಪೇಟೆಗೆ ಕರಕೊಂಡು ಹೋಗು. ನಾ ಆ ಮೀನ ನೋಡಬೇಕು."

ಎರಡು ವಾರ ಕಾದ ಮೇಲೆ ಒಂದು ದಿನ ಬೆಳಿಗ್ಗೆ ಕೃಷ್ಣಾಬಾಯಿಯ ಫೋನು ಬಂತು. ರಾಘಣ್ಣ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೂಲ್‌ರೂಮಿನಿಂದ ತಂದಿಟ್ಟುಕೊಂಡಿದ್ದ ಸೂಕ್ಷ್ಮ ಅಳತೆಯ ವರ್ನಿಯರ್ ಕ್ಯಾಲಿಪರನ್ನು ಜೇಬಿಗೆ ಹಾಕಿಕೊಂಡು ಹೊರಟರು. ಪೇಟೆಯ ಒದ್ದೆ ನೆಲದ ಮೇಲೆ ಪ್ಯಾಂಟು ಮಡಚಿ ಹೆಜ್ಜೆಯಿಡುತ್ತ, ಉಸಿರು ಬಿಗಿಹಿಡಿದು ಬಂದ ಅವರನ್ನು ನೋಡಿ ಕೃಷ್ಣಾಬಾಯಿ ಎದ್ದು ನಿಂತಳು.

"ಬರ್ರಿ ಅಣ್ಣಾರ. ನೀವ್ಯಾಕ ಮುಟ್ಟತೀರಿ, ನಾ ಹಿಡೀತೀನಿ, ನೀವು ಹೇಳ್ರಿ."

"ಇಲ್ಲ ಅಕ್ಕಾರ," ಎಂದರು ರಾಘಣ್ಣ. "ಮುಟ್ಟಲಾರದ ನನಗ ತಿಳಿಯಂಗಿಲ್ಲ."

ಅವರು ಕುಕ್ಕರುಗಾಲಿನಲ್ಲಿ ಕುಳಿತರು. ಕೈ ಮೀನಿನ ಮೇಲೆ ಗಾಳಿಯಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ಮೂತಿಯಿಂದ ಬಾಲದವರೆಗೆ ಒಮ್ಮೆ ಸವರಿದರು. ಉಪ್ಪುಕಾಗದದಂಥ ಚರ್ಮ, ಬೆನ್ನಿನ ಮೇಲೆ ಸಾಲಾಗಿ ಮುಳ್ಳು. ಅಲ್ಲಿಂದ ಮುಂದೆ ಅವರಿಗೆ ವಾಸನೆಯೂ ಇಲ್ಲ, ಪೇಟೆಯೂ ಇಲ್ಲ. ಕ್ಯಾಲಿಪರಿನ ದವಡೆ ತೆರೆದು ಮೂತಿ, ತಲೆ, ರೆಕ್ಕೆಗಳ ದಪ್ಪ ಹೇಳುತ್ತ ಹೋದರು, ನೀಲಿಮಾ ಬರೆದುಕೊಂಡಳು.

"ಮೂತಿ ಯಾಕ ಅಳೀತೀರಿ ಅಣ್ಣಾರ?" ಎಂದಳು ಕೃಷ್ಣಾಬಾಯಿ. "ಮೀನ ಬಲಿಯೊಳಗ ಹಿಂದ್ಮುಂದಾಗಿ ಬರ್ತೈತಿ. ನಮ್ಮ ಹೊಳ್ಯಾಗೂ ಹಂಗ. ಅದು ತಪ್ಪಿಸಿಕೊಳ್ಳಾಕ ಮುಂದಕ್ಕ ಈಸತೈತಿ, ದಣದು ದಣದು ಹಿಂದಕ್ಕ ಸರೀತೈತಿ. ನಿಮ್ಮ ಜಾಳಿಗೆ ಮೊದಲ ಬಡಿಯೂದು ಬಾಲ."

ರಾಘಣ್ಣ ಅವಳನ್ನೇ ನೋಡಿದರು. ನೀಲಿಮಾ ಕೂಡ ನೋಡಿದಳು. ಮೂರು ವರ್ಷ ಓದಿದ್ದ ಪ್ರಬಂಧಗಳಲ್ಲಿ ಈ ಮಾತು ಎಲ್ಲೋ ಇದ್ದೇ ಇರಬೇಕು. ಆದರೆ ಜಾಳಿಯ ಅಳತೆ ಇಡುವಾಗ ಅದು ಅವಳಿಗೆ ಹೊಳೆದಿರಲಿಲ್ಲ.

"ಭಾಳ ಉಪಕಾರ ಆತು ಅಕ್ಕಾರ," ಎಂದು ರಾಘಣ್ಣ ಬಾಲದ ಕಡೆ ತಿರುಗಿದರು.

ಆ ವಾರ ಸಂಸ್ಥೆಯ ಫ್ರೀಜರಿನಲ್ಲಿದ್ದ ಹದಿನೇಳು ಬಾಲಗಳನ್ನೂ ಅವರು ಅಳೆದರು. ಹೊಸ ಜಾಳಿಯಲ್ಲಿ ಸರಳುಗಳ ಸಂದು ಎರಡೇ ಇಂಚು. ತೊರಕೆ ತಳದ ಮೀನಾದ್ದರಿಂದ ಕಿಂಡಿಯನ್ನು ಮೇಲಿನಿಂದ ಕೆಳಕ್ಕೆ ತಂದರು. ಮುಳ್ಳು ತೊಡರದಂತೆ ಪ್ರತಿ ಸರಳನ್ನೂ ಕೈಯಿಂದಲೇ ಉಜ್ಜಿ ನುಣುಪು ಮಾಡಿದರು.

ಅವಧೂತನನ್ನು ಮತ್ತೆ ಕೇಳಲು ನೀಲಿಮಾಳಿಗೆ ಮುಖವಿರಲಿಲ್ಲ. ಕೃಷ್ಣಾಬಾಯಿಯೇ ಫೋನು ಹಚ್ಚಿದಳು. ಮರಾಠಿಯಲ್ಲಿ ಅವಳು ಹೇಳಿದ್ದು ಇಷ್ಟೇ: "ಈ ವರ್ಷ ಭಾವುಬೀಜಕ್ಕೆ ನನಗೆ ಸೀರೆ ಬೇಡ ತಮ್ಮಾ. ಅದರ ಬದಲು ಇನ್ನೊಂದು ಸಲ ಆ ಜಾಳಿ ಕಟ್ಟು." ಆ ಕಡೆಯಿಂದ ನಗು ಕೇಳಿಸಿತು.

ಏಪ್ರಿಲಿನಲ್ಲಿ ಜಾಳಿ ಕಡಲಿಗಿಳಿಯಿತು. ಈ ಸಲ ಅದರ ಚೌಕಟ್ಟಿಗೆ ಸಂಸ್ಥೆಯ ಪುಟ್ಟ ಕ್ಯಾಮೆರಾ ಬಿಗಿದಿದ್ದರು. ಮೂರನೆಯ ದಿನ ಅವಧೂತ ವಿಡಿಯೋ ಕಳಿಸಿದ. ಒಬ್ಬಳೇ ನೋಡುವ ಧೈರ್ಯವಾಗದೆ ನೀಲಿಮಾ ಕೃಷ್ಣಾಬಾಯಿಯನ್ನು ಮನೆಗೆ ಕರೆತಂದಳು. ಕೃಷ್ಣಾಬಾಯಿ ಹೊಸಿಲ ಹೊರಗೇ ನಿಂತುಬಿಟ್ಟಾಗ ಗೋದಾ ಮಾಮಿ ಬಂದು ಕೈಹಿಡಿದು ಒಳಗೆ ಕರೆದು, ಸೋಫಾದ ಮೇಲೆ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು.

ಟಿವಿಯಲ್ಲಿ ಮೊದಲು ಕೆಸರು ನೀರು, ಸರಳುಗಳು, ಸರ್ರನೆ ಹಿಂದಕ್ಕೆ ಹೋಗುವ ಸಿಗಡಿಯ ಹಿಂಡು. ಹನ್ನೊಂದನೆಯ ನಿಮಿಷಕ್ಕೆ ಎಡಗಡೆಯಿಂದ ಒಂದು ಕಂದು ನೆರಳು ಬಂತು. ಬಾಲ ಮೊದಲು. ಅದು ಸರಳಿಗೆ ತಾಗಿತು, ಒಳಗೆ ಹೋಗಲಿಲ್ಲ. ಇಡೀ ಮೈ ಜಾಳಿಯ ಮೇಲೆ ಚಪ್ಪಟೆಯಾಗಿ ಒರಗಿತು; ರೆಕ್ಕೆ ಒಮ್ಮೆ, ಎರಡು ಸಲ ಬಡಿಯಿತು. ಮರಿಗಳಿಂದ ಹೊಟ್ಟೆ ತುಂಬಿದ ಹೆಣ್ಣು. ಸರಳಿನ ಗುಂಟ ಕೆಳಗೆ ಜಾರಿ, ಕಿಂಡಿಗೆ ಮುಚ್ಚಿದ್ದ ಬಲೆಯ ಪದರನ್ನು ತಳ್ಳಿಕೊಂಡು, ತಿರುಗಿ, ಮರಳಿನ ಕಡೆಗೆ ಹೊರಟುಹೋಯಿತು.

ನೀಲಿಮಾಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಮುನ್ನೂರಾ ಹನ್ನೆರಡು ತೊರಕೆಗಳನ್ನು ಅವಳು ಅಳೆದಿದ್ದಳು. ಈಸುವುದನ್ನು ನೋಡಿದ್ದು ಇದೇ ಮೊದಲು. ಕೃಷ್ಣಾಬಾಯಿ ಎರಡೂ ಕೈ ಜೋಡಿಸಿ ಟಿವಿಗೆ ನಮಸ್ಕಾರ ಮಾಡಿದಳು.

ರಾಘಣ್ಣ ಮಾತ್ರ "ಇನ್ನೊಮ್ಮೆ ಹಚ್ಚು" ಎಂದರು. ಮೂರು ಸಲ ಹಚ್ಚಿಸಿ, ಸರಳುಗಳನ್ನೇ ನೋಡಿ, "ಎಲ್ಲೂ ತೊಡರಿಲ್ಲ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಎಲ್ಲವೂ ಬಗೆಹರಿಯಿತು ಎಂದೇನಲ್ಲ. ಗೇಣುದ್ದದ ಮರಿಗಳು ಎರಡಿಂಚಿನ ಸಂದಿನಲ್ಲೂ ನುಸುಳಿ ಬಲೆಗೆ ಬೀಳುತ್ತವೆ. ಅದಕ್ಕೆ ಉಪಾಯ ಇನ್ನೂ ಸಿಕ್ಕಿಲ್ಲ. ಆದರೆ ದೊಡ್ಡ ಮೀನಿನ ಭಾರಕ್ಕೆ ಸಿಕ್ಕಿ ಸಿಗಡಿ ಜಜ್ಜಿಹೋಗುವುದು ತಪ್ಪಿದ್ದನ್ನು ಅವಧೂತನ ನೆರೆಯವರೂ ಕಂಡರು. ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ದೋಣಿಗಳು ಮತ್ತೆ ಹೊರಡುವ ಹೊತ್ತಿಗೆ ಒಂಬತ್ತು ಜನ ಜಾಳಿ ಕೇಳಿದ್ದರು. ಚಾಕಣದ ವರ್ಕ್‌ಶಾಪಿನಲ್ಲಿ ರಾಘಣ್ಣನ ಊಟದ ಡಬ್ಬಿಗೆ ಮತ್ತೆ ಜಾಗವಾಯಿತು.

ನೀಲಿಮಾ ವರದಿ ಬರೆದಾಗ ಲೇಖಕರ ಸಾಲಿನಲ್ಲಿ ತನ್ನ ಹೆಸರಿನ ಜೊತೆಗೆ ಮೂರು ಹೆಸರು ಸೇರಿಸಿದಳು. ಇವರು ಯಾವ ಸಂಸ್ಥೆಯವರು ಎಂದು ಮೇಲಿನವರು ಕೇಳಿದರು. ಕೃಷ್ಣಾಬಾಯಿಯ ಹೆಸರಿನ ಮುಂದೆ ಅವಳು "ಮೀನು ವ್ಯಾಪಾರಿ, ಪುಣೆ" ಎಂದು ಬರೆದಳು. ಅವಧೂತ ಮತ್ತು ರಾಘಣ್ಣನ ಕಸುಬನ್ನೂ ಹಾಗೆಯೇ ಬರೆದಳು. ಒಂದು ಹೆಸರನ್ನೂ ತೆಗೆಯಲಿಲ್ಲ.

ನವೆಂಬರಿನ ಒಂದು ಮಧ್ಯಾಹ್ನ ಅವಧೂತ ಫೋನು ಮಾಡಿದ. ಕೆಲಸದ ಮಾತೇನೂ ಇರಲಿಲ್ಲ. ದಡದ ಹತ್ತಿರ ಲಂಗರು ಹಾಕಿ ಬಲೆ ಹೊಲಿಯುತ್ತ ಕೂತಿದ್ದನಂತೆ. ತಿಳಿನೀರಿನಲ್ಲಿ ದೋಣಿಯ ಕೆಳಗೇ ಒಂದು ಗಿಟಾರ್ ತೊರಕೆ, ಹತ್ತಿರದಲ್ಲೇ ಗೇಣಿಗಿಂತ ಸ್ವಲ್ಪ ದೊಡ್ಡವು ಎರಡು ಮರಿ, ಮರಳು ಕೆದರುತ್ತ ಹೋದವಂತೆ. ನಿಮಗೆ ಹೇಳಬೇಕು ಅನ್ನಿಸಿತು, ಎಂದ.

"ಹೇಳಿದ್ದಕ್ಕೆ ಭಾಳ ಉಪಕಾರ ದಾದಾ," ಎಂದು ನೀಲಿಮಾ ಮರಾಠಿಯಲ್ಲಿ ಹೇಳಿ, ಮಾವನನ್ನು ಕೂಗುತ್ತ ಒಳಗೆ ಹೋದಳು.