ಹಿಂದಿನ ಸೊಲ್ಲು

ಕೊಂಡ್ಲಹಳ್ಳಿಯಲ್ಲಿ ಚಳ್ಳಕೆರೆ ಬಸ್ಸು ಹತ್ತುವಾಗಲೇ ಜಗದಾಂಬಜ್ಜಿಗೆ ಗೊತ್ತಿತ್ತು, ಈ ಪ್ರಯಾಣಕ್ಕೆ ಎರಡು ಕೆಲಸ ಇವೆಯೆಂದು. ಒಂದನ್ನು ಮನೆಯವರು ಬಾಯಿಬಿಟ್ಟು ಹೇಳಿದ್ದರು: ಮೊಮ್ಮಗಳು ದೀಪಿಕಾಳಿಗೆ ಸಂಗೀತ ಮಾಡಲು ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕು. ಇನ್ನೊಂದನ್ನು ಯಾರೂ ಹೇಳಿರಲಿಲ್ಲ. ಆದರೆ ಮಗ ಓಂಕಾರಮೂರ್ತಿ ಹಿತ್ತಲಲ್ಲಿ ನಿಂತು ಫೋನಿನಲ್ಲಿ ಆಡಿದ ಮಾತು ಅವಳ ಕಿವಿಗೆ ಬಿದ್ದಿತ್ತು. "ಮರೆವು ಶುರುವಾಗೈತೆ ಡಾಕ್ಟ್ರೇ. ಹೆಂಗೂ ಚಳ್ಳಕೆರೆಗೆ ಬರ್ತೀವಿ, ಸಾಯಂಕಾಲ ತೋರಿಸ್ಕಂಡು ಹೋಗ್ತೀನಿ."

ಅಜ್ಜಿ ಕಿಟಕಿ ಪಕ್ಕ ಕೂತು ಶೇಂಗಾ ಹೊಲಗಳನ್ನು ನೋಡುತ್ತಾ ಬಂದಳು. ಯಾವ ಹೊಲ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ಬೇವಿನ ಮರ ಯಾವ ಗಾಳಿಗೆ ಬಿತ್ತು, ಎಲ್ಲ ಅವಳಿಗೆ ನೆನಪಿತ್ತು. ಆದರೂ ಒಳಗೊಳಗೆ ಅಳುಕು. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟ ತಾನೆಲ್ಲಿ, ಓದಿದ ಮಗನೆಲ್ಲಿ. ಅವನು ಹೇಳಿದ್ದೇ ನಿಜವಿದ್ದರೆ?

ಆದದ್ದು ಇಷ್ಟು. ದುರ್ಗದ ಒಂದು ನಾಟಕ ತಂಡದವರು ತಮ್ಮ ಹೊಸ ಆಟಕ್ಕೆ ಸಂಗೀತ ಮಾಡಿಕೊಡು ಎಂದು ದೀಪಿಕಾಳನ್ನು ಕೇಳಿದ್ದರು. ಆಟದ ನಡುವೆ ಒಂದು ಬೀಸೋ ಹಾಡು ಬೇಕಾಗಿತ್ತು. ಅಜ್ಜಿಯ ಹತ್ತಿರ ಇತ್ತಲ್ಲ, ಅವಳ ಅತ್ತೆಯಿಂದ ಬಂದದ್ದು, ಬಾವಿ ತೋಡಿದ ಹಾಡು! ಮೊದಲ ಮಂಕರಿ ಮಣ್ಣಿನಿಂದ ಹಿಡಿದು ತಳದಲ್ಲಿ ನೀರು ಚಿಮ್ಮುವವರೆಗೆ ಅದೆಷ್ಟೋ ಸೊಲ್ಲು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಅದನ್ನು ಪೂರ್ತಿ ಹಾಡುವವರು ಇವಳೊಬ್ಬಳೇ. ದೀಪಿಕಾ ತನ್ನ ಕಾಲೇಜು ಕಾಲದ ಲ್ಯಾಪ್‌ಟಾಪಿಗೆ ಮೈಕ್ ಸಿಕ್ಕಿಸಿ, ಅಜ್ಜಿಯ ಕಿವಿಗೆ ಹೆಡ್‌ಫೋನ್ ಹಾಕಿ, ತಾಳ ಬಿಟ್ಟು, "ಹಾಡಜ್ಜಿ" ಅಂದಳು. ಅಜ್ಜಿ ಅರ್ಧ ಸೊಲ್ಲು ಹಾಡಿ ನಿಂತುಬಿಟ್ಟಳು. ಮತ್ತೆ ಶುರು, ಮತ್ತೆ ನಿಂತಳು. ಎಷ್ಟು ಸಲ ಮಾಡಿದರೂ ಅಷ್ಟೇ.

"ಪಾಪ, ಮರ್ತೋಗೈತೆ ಬಿಡಮ್ಮ" ಅಂದಿದ್ದ ಓಂಕಾರಮೂರ್ತಿ. ನಾಟಕದವರಿಗೂ ಸುದ್ದಿ ಮುಟ್ಟಿತು. ಪರವಾಗಿಲ್ಲ, ನೆನಪಿದ್ದಷ್ಟು ಬರೆದು ಕಳಿಸಿ, ಕಲಿತ ಗಾಯಕಿಯ ಹತ್ತಿರ ಹಾಡಿಸುತ್ತೇವೆ ಎಂದರು ಅವರು. ಅದನ್ನು ಕೇಳಿದ ದಿನ ಅಜ್ಜಿಗೆ ಊಟ ಸೇರಲಿಲ್ಲ. ಆದರೆ ದೀಪಿಕಾ ಹಟ ಹಿಡಿದಳು. "ಲ್ಯಾಪ್‌ಟಾಪೇ ಸರಿ ಇಲ್ಲ ಅಪ್ಪಾಜಿ. ಹೊಸದು ತಗಳಾಣ. ಅಜ್ಜಿ ಕೈಲೇ ಹಾಡಿಸಿ ನೋಡಿ ತಗಳಾಣ."

ಅಂಗಡಿ ಎಣ್ಣೆ ಗಿರಣಿಯ ಪಕ್ಕದ ಓಣಿಯಲ್ಲಿತ್ತು. ನಬೀ ಸಾಬ್ ಮೊದಲು ಅಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಈಗ ಅವನ ಮಗ ಮುಬಾರಕ್ ಕಂಪ್ಯೂಟರ್ ರಿಪೇರಿ, ಮಾರಾಟ ಎರಡೂ ಮಾಡುತ್ತಾನೆ. ನಬೀ ಸಾಬ್ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು ಬಂದವರನ್ನು ಮಾತಾಡಿಸುತ್ತಾನೆ.

"ಅರೆ ಜಗದಾಂಬಕ್ಕಾ! ನಿಮ್ಮ ಮೋಟಾರ್ ಎಷ್ಟು ಸಲ ಸುಟ್ಟಿತ್ತು, ಜ್ಞಾಪಕ ಐತಾ?"

"ಮೋಟಾರ್ ಸುಟ್ಟಿದ್ದು ಒಂದೇ ಸಲ ಕಣಪ್ಪ. ಉಳಿದಿದ್ದೆಲ್ಲಾ ನಿನ್ನ ರಿಪೇರಿ ಸುಟ್ಟಿದ್ದು."

ನಬೀ ಸಾಬ್ ತೊಡೆ ತಟ್ಟಿ ನಕ್ಕ. "ಇವ್ರಿಗೆ ಮರೆವಾ? ಯಾರ್ರೀ ಹೇಳಿದ್ದು?" ಓಂಕಾರಮೂರ್ತಿ ಮುಖ ಆ ಕಡೆ ತಿರುಗಿಸಿದ. ಅವನೇ ಹಿಂದಿನ ದಿನ ನಬೀ ಸಾಬ್‌ಗೆ ಫೋನ್ ಮಾಡಿ ಹೇಳಿದ್ದ.

ಓಂಕಾರಮೂರ್ತಿಯ ಕಣ್ಣಿಗೆ ಬಿದ್ದದ್ದು ದೊಡ್ಡ ಪರದೆಯ, ಗುಂಡಿಗುಂಡಿಗೂ ಬಣ್ಣದ ದೀಪ ಹೊತ್ತುವ ಲ್ಯಾಪ್‌ಟಾಪು. "ಇದು ನೋಡಮ್ಮ, ಮದುವೆ ಮನೆ ಇದ್ದಂಗೈತೆ." ಮುಬಾರಕ್ ಅದನ್ನು ಚಾಲೂ ಮಾಡಿ ದೀಪಿಕಾ ಪೆನ್‌ಡ್ರೈವಿನಲ್ಲಿ ತಂದಿದ್ದ ಸಂಗೀತದ ಕೆಲಸ ತೆರೆದ. ಸ್ವಲ್ಪ ಹೊತ್ತಿಗೆ ಒಳಗಿನ ಫ್ಯಾನು ಬುಸುಗುಡತೊಡಗಿತು.

"ಹಾಡಿಗಿಂತ ಇದರ ಉಸಿರೇ ಜಾಸ್ತಿ ಅಪ್ಪಾಜಿ. ಎಲ್ಲಾ ಮೈಕಿಗೆ ಬರುತ್ತೆ, ಬೇಡ" ಅಂದಳು ದೀಪಿಕಾ.

ಎರಡನೆಯದು ತೆಳ್ಳಗೆ, ಬೆಳ್ಳಗೆ, ಎತ್ತಿದರೆ ಹಪ್ಪಳದಷ್ಟು ಹಗುರ. ಫ್ಯಾನಿನ ಸದ್ದೇ ಇಲ್ಲ. ಓಂಕಾರಮೂರ್ತಿ ಅದನ್ನೇ ಕಟ್ಟಿಸುವ ಅವಸರದಲ್ಲಿದ್ದ. ದೀಪಿಕಾ ಅಜ್ಜಿಯ ಕಿವಿಗೆ ಹೆಡ್‌ಫೋನ್ ಹಾಕಿದಳು.

ಅಜ್ಜಿ ಕಣ್ಣು ಮುಚ್ಚಿ ಶುರು ಮಾಡಿದಳು. "ಮಣ್ಣ ಹೊತ್ತೇವವ್ವ ಮಂಕರಿ ಮಂಕರಿ..."

ನಿಂತಳು. ಕಾದಳು. ಮತ್ತೆ ಬಾಯಿ ತೆರೆದಳು, ಮತ್ತೆ ಮುಚ್ಚಿದಳು.

ಓಂಕಾರಮೂರ್ತಿ ನಿಟ್ಟುಸಿರು ಬಿಟ್ಟ. "ನಾನು ಹೇಳ್ಲಿಲ್ವಾ? ಯಾಕೆ ಅವ್ವಗೆ ಸುಮ್ನೆ ತ್ರಾಸು ಕೊಡ್ತೀಯ?"

ಮುಬಾರಕ್ ಮಾತ್ರ ಬಗ್ಗಿ ಕೇಳಿದ. "ಅಜ್ಜೀ, ಯಾಕೆ ನಿಲ್ಲಿಸಿದ್ರಿ?"

ಇಷ್ಟು ದಿನ ಯಾರೂ ಕೇಳದ ಮಾತು ಅದು. ಅಜ್ಜಿ ಕಣ್ಣು ಬಿಟ್ಟಳು.

"ಆಯಮ್ಮ ಹೇಳ್ತಾ ಇದ್ಳಲ್ಲಪ್ಪ. ಮುಗಿಸ್ಲಿ ಅಂತ ನಿಂತೆ."

"ಯಾವ ಆಯಮ್ಮ?"

"ಇದರೊಳಗೆ ಹಿಂದಿನ ಸೊಲ್ಲು ಹಿಡಿಯೋ ಆಯಮ್ಮ. ನಮ್ಮನೇದರಾಗೂ ಇದ್ಳು. ಗಂಟಲು ಒಂಚೂರು ಗೊಗ್ಗರು, ಆದ್ರೂ ಒಳ್ಳೆ ಹೆಂಗ್ಸು, ಒಂದು ಮಾತು ತಪ್ಪು ಹೇಳಲ್ಲ. ಏನು ಮಾಡ್ಲಿ, ನಾನು ಮುಗ್ಸೋದ್ರೊಳಗೇ ಬಾಯಿ ಹಾಕ್ತಾಳೆ. ಹೋಗ್ಲಿ ಪಾಪ ಅಂತ ನಾನು ಸುಮ್ನಾದ್ರೆ ಅವ್ಳೂ ಸುಮ್ನಾಗ್ತಾಳೆ."

ದೀಪಿಕಾ ಅಜ್ಜಿಯ ತಲೆಯಿಂದ ಹೆಡ್‌ಫೋನ್ ಕಿತ್ತು ತನ್ನ ಕಿವಿಗೆ ಹಾಕಿಕೊಂಡು "ಅಜ್ಜೀ" ಎಂದು ಮೈಕಿನಲ್ಲಿ ಕೂಗಿದಳು. ತುಸು ತಡೆದು ಅವಳದೇ "ಅಜ್ಜೀ" ಕಿವಿಗೆ ವಾಪಸ್ಸು ಬಂತು. ಅವಳಿಗೆ ನಗುವೋ ಅಳುವೋ ತಿಳಿಯಲಿಲ್ಲ.

"ಅದು ನೀನೇ ಅಜ್ಜಿ! ನಿನ್ನ ದನೀನೇ ತಡವಾಗಿ ಬರ್ತಾ ಐತೆ!"

"ನಾನಾ?" ಅಜ್ಜಿ ಗಲ್ಲದ ಮೇಲೆ ಕೈಯಿಟ್ಟಳು. "ನನ್ನ ಗಂಟಲು ಅಷ್ಟು ಗೊಗ್ಗರಾ?"

ನಬೀ ಸಾಬ್ ಸ್ಟೂಲಿನಿಂದ ಬೀಳುವುದೊಂದು ಬಾಕಿ. ಮುಬಾರಕ್ ನಗು ತಡೆದುಕೊಂಡು ಓಂಕಾರಮೂರ್ತಿಗೆ ಬಿಡಿಸಿ ಹೇಳಿದ. ಹಾಡು ಮೈಕಿನಿಂದ ಒಳಗೆ ಹೋಗಿ, ದೀಪಿಕಾ ಜೋಡಿಸಿದ ವಾದ್ಯಗಳ ಜೊತೆ ಸೇರಿ, ಕಿವಿಗೆ ತಿರುಗಿ ಬರಬೇಕು. ಯಂತ್ರಕ್ಕೆ ಅಷ್ಟು ಕಸುವಿಲ್ಲದಿದ್ದರೆ ಬರುವುದು ತಡ. ಹಳೆಯದಕ್ಕೂ ಕಸುವಿರಲಿಲ್ಲ, ಈ ಬೆಳ್ಳಗಿನದಕ್ಕೂ ಇಲ್ಲ.

ಆದರೆ ದನಿ ತಡವಾಗಿ ಬಂದರೆ ಬೇರೆ ಯಾರಾದರೂ ರೇಗುತ್ತಿದ್ದರು, ಇಲ್ಲವೇ ಲೆಕ್ಕಿಸದೆ ಹಾಡುತ್ತಿದ್ದರು. ಅಜ್ಜಿ ಬೀಸುಗಲ್ಲಿನವಳು. ಒಂದೇ ಗೂಟಕ್ಕೆ ಎದುರುಬದುರು ಕೂತ ಇಬ್ಬರು ಕೈಹಾಕಿ ಬೀಸುವಾಗ ಒಬ್ಬಳು ಮುಂದಿನ ಸೊಲ್ಲು ಹೇಳಬೇಕು, ಇನ್ನೊಬ್ಬಳು ಅದರ ತುದಿ ಹಿಡಿದು ಹಿಂದಿನ ಸೊಲ್ಲು ಹೇಳಬೇಕು. ಅವಳು ಹೇಳುವಾಗ ಇವಳು ಉಸಿರು ತಗೊಳ್ಳಬೇಕು. ಇಬ್ಬರೂ ಒಟ್ಟಿಗೆ ಬಾಯಿ ತೆಗೆದರೆ ಇಬ್ಬರ ಉಸಿರೂ ಕಟ್ಟಿ ಕಲ್ಲು ನಿಲ್ಲುತ್ತದೆ. ಓರಗಿತ್ತಿ ಗುರುಸಿದ್ದಮ್ಮನ ಜೊತೆ ವರ್ಷಗಟ್ಟಲೆ ಹಾಗೆ ಬೀಸಿದವಳು ಯಂತ್ರದೊಳಗಿನ ಹೆಂಗಸಿಗೂ ಅದೇ ಮರ್ಯಾದೆ ಕೊಟ್ಟಿದ್ದಳು.

ಮುಬಾರಕ್ ಒಳಗಿನ ಕಪಾಟಿನಿಂದ ಬೂದು ಬಣ್ಣದ, ನೋಡಲು ಏನೂ ಲಕ್ಷಣವಿಲ್ಲದ ಒಂದನ್ನು ತಂದಿಟ್ಟ. "ಇದನ್ನು ಯಾರೂ ತಿರುಗಿ ನೋಡಲ್ಲ ಓಂಕಾರಣ್ಣ. ಅಂದ ಇಲ್ಲ, ಕಸುವೈತೆ."

"ಹೆಂಚು ಇದ್ದಂಗೈತಲ್ಲೋ" ಅಂದ ಓಂಕಾರಮೂರ್ತಿ.

"ಹೆಂಚಿನ ಮೇಲೇ ಅಲ್ವೇನೋ ರೊಟ್ಟಿ ಬೇಯೋದು? ಕೊಡಪ್ಪ ಇತ್ತ" ಅಂದಳು ಅಜ್ಜಿ.

ದೀಪಿಕಾ ತಾಳ ಬಿಟ್ಟಳು. ಅಜ್ಜಿ ಶುರು ಮಾಡಿದಳು. ಸೊಲ್ಲು ಮುಗಿಯುವವರೆಗೂ ಯಾರೂ ಬಾಯಿ ಹಾಕಲಿಲ್ಲ. ದನಿ ಬಾಯಲ್ಲಿದ್ದಾಗಲೇ ಕಿವಿಯಲ್ಲೂ ಇತ್ತು. ಅಜ್ಜಿ ಸುತ್ತ ನೋಡಿದಳು.

"ಇದು ಒಳ್ಳೇದು, ನಡುವೆ ಬಾಯಿ ಹಾಕಲ್ಲ. ಆದ್ರೆ ಈಗ ಹಿಂದಿನ ಸೊಲ್ಲು ಯಾರು ಹಿಡೀತಾರೆ?"

"ನಾನು ಹಿಡೀತೀನಿ" ಅಂದಳು ದೀಪಿಕಾ. ಮುಬಾರಕ್ ಇನ್ನೊಂದು ಹೆಡ್‌ಫೋನ್ ಸಿಕ್ಕಿಸಿಕೊಟ್ಟ.

ಅಜ್ಜಿ ಕೌಂಟರಿನ ಮೇಲೆ ಮುಷ್ಟಿ ಇಟ್ಟು ಸುತ್ತ ತಿರುಗಿಸತೊಡಗಿದಳು. ದೀಪಿಕಾ ಆ ಮುಷ್ಟಿಯ ಮೇಲೆ ತನ್ನ ಕೈ ಇಟ್ಟಳು. ಮುಂದಿನದು ಅಜ್ಜಿ, ಹಿಂದಿನದು ಮೊಮ್ಮಗಳು. ಮಂಕರಿ ಮಂಕರಿ ಮಣ್ಣು ಮೇಲೆ ಬಂತು. ಕಲ್ಲು ಅಡ್ಡ ಬಂತು, ಒಡೆಯಿತು. ತೋಡುವವರ ಕೈಯಲ್ಲಿ ಬೊಬ್ಬೆ ಎದ್ದವು. ಮಾವ ಬೈದ, ಅತ್ತೆ ಬುತ್ತಿ ತಂದಳು. ಒಂದು ಸೊಲ್ಲೂ ಜಾರಲಿಲ್ಲ. ಚಾರ್ಜರ್ ಕೊಳ್ಳಲು ಬಂದವರು ಹಾಡು ಕೇಳುತ್ತಾ ನಿಂತರು. ಓಂಕಾರಮೂರ್ತಿ ಈ ಹಾಡನ್ನು ಮಗುವಾಗಿದ್ದಾಗ ಅವ್ವನ ತೊಡೆಯ ಮೇಲೆ ಮಲಗಿ ಕೇಳಿದ್ದ. ನೀರು ಬರುವ ಮೊದಲೇ ಯಾವಾಗಲೂ ನಿದ್ದೆ ಹೋಗುತ್ತಿದ್ದ.

"ಅಂಗಾಲ ತಣ್ಣಗೆ ಮುಟ್ಯಾಳೆ ಗಂಗವ್ವ
ಮುಂಗೈಯ ಹಿಡಿದು ಕರೆಯೀರೆ!"

"ಮುಂಗೈಯ ಹಿಡಿದು ಕರೆಯೀರೆ!" ಎಂದಳು ದೀಪಿಕಾ, ಮತ್ತು ಬಾವಿಗೆ ನೀರು ಬಂತು.

"ಮಾಷಾ ಅಲ್ಲಾ" ಎಂದು ನಬೀ ಸಾಬ್ ಎದ್ದು ನಿಂತ. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ದೀಪಿಕಾ ಅಲ್ಲೇ ನಾಟಕದವರಿಗೆ ಫೋನ್ ಮಾಡಿ, ಗಾಯಕಿ ಬೇಡ, ನಮ್ಮಲ್ಲೇ ಇದ್ದಾರೆ ಎಂದಳು.

ಬೂದು ಲ್ಯಾಪ್‌ಟಾಪು ಚೀಲ ಸೇರಿತು. ಓಂಕಾರಮೂರ್ತಿ ಗಂಟಲು ಸರಿಮಾಡಿಕೊಂಡ. "ಅವ್ವ, ಡಾಕ್ಟ್ರ ಹತ್ರ..."

"ಹೋಗಿ ಬಾ. ಕಿವಿ ತೋರಿಸ್ಕೋ" ಅಂದಳು ಅಜ್ಜಿ.

ಅವನು ಹೋಗಲಿಲ್ಲ. ಮೂವರೂ ಬಸ್‌ಸ್ಟ್ಯಾಂಡಿಗೆ ನಡೆದರು. ಬಸ್ಸಿನಲ್ಲಿ ಚೀಲವನ್ನು ಅಜ್ಜಿ ಯಾರ ಕೈಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಊರು ದಾಟಿದ ಮೇಲೆ ದೀಪಿಕಾಳ ಕಡೆ ವಾಲಿ, "ಕುಟ್ಟೋ ಹಾಡು ಒಂದೈತೆ ಕಣೆ. ಅದು ಇನ್ನೂ ಉದ್ದ. ಆದ್ರೆ ಮೂರು ಒನಕೆ ಬೇಕು, ಮೂರು ಗಂಟಲು" ಅಂದಳು. ಆಮೇಲೆ ಮಗನ ಕಡೆ ನೋಡಿದಳು.

"ನಾನಾ?" ಅಂದ ಅವನು.

"ಹೂಂ, ನೀನೇ. ನಡುವೆ ಬಾಯಿ ಹಾಕಾಕೆ ಯಾವಾಗ್ಲೂ ಮುಂದು ಇರ್ತೀಯಲ್ಲ. ಇದ್ರಾಗೆ ಅದಕ್ಕೂ ಜಾಗ ಐತೆ. ನಾನು ಕೈ ತೋರಿಸ್ದಾಗ ಹಾಕು."