ಜವರಯ್ಯನ ಕೊನೆಯ ಹಾವು

"ಬುಡು ಮಾವ, ಕೈ ಬುಡು!"

ಅಪ್ಪ ಹಾವು ಹಿಡಿಯುತ್ತಿದ್ದ ಕೊಂಡಿಕೋಲನ್ನು ಚೆಲುವರಾಜು ಅಂಗಳದ ಕಲ್ಲಿಗೆ ಬಡಿಯುತ್ತಿದ್ದ. ಸೋದರಮಾವ ಚಿಕ್ಕಣ್ಣ ಇನ್ನೊಂದು ತುದಿ ಹಿಡಿದು ಜಗ್ಗುತ್ತಿದ್ದ. ಗೋಡೆಗೆ ಒರಗಿಸಿ ಕೂರಿಸಿದ್ದ ಜವರಯ್ಯನ ಹೆಣದ ಮೇಲಿಂದ ಹೆಂಡತಿ ಪುಟ್ಟತಾಯಮ್ಮ ನೊಣ ಓಡಿಸುತ್ತಿದ್ದಳು.

"ಮುರಿದಾಕಿ ಏನ್ಲಾ ಮಾಡೀಯೆ?"

"ಅಪ್ಪನ ಜೊತೇಲೇ ಹೋಗ್ಲಿ, ಹಾಳಾದ್ದು."

ಅಷ್ಟರಲ್ಲಿ ಅಶೋಕಪುರದ ಆ ಓಣಿಯ ಬಾಯಲ್ಲಿ ಜಟಕಾ ನಿಂತಿತು. ಇಳಿದವರು ಜಯಲಕ್ಷ್ಮಿಪುರದ ರುದ್ರಸ್ವಾಮಿ. ನಿನ್ನೆ ಜವರಯ್ಯನಿಗೆ ನಾಗರ ಕಚ್ಚಿದ್ದು ಇವರ ಮನೆಯಲ್ಲೇ.

"ಅದೇ ಹಾವು ಕಣಪ್ಪ. ಸೌದೆ ಮನೇಲಿ ಸೇರ್ಕೊಂಡಿದೆ. ಯಾರೂ ಕಣ್ಣು ಮುಚ್ಚಿಲ್ಲ."

"ಹೊಡೆದಾಕಿ."

"ನನ್ನ ಹೆಂಡತಿಗೆ ಎಂಟು ತಿಂಗಳು. ಬಸುರಿಯ ಗಂಡ ಹಾವು ಹೊಡೀಬಾರದು."

"ಓಹೋ. ನಾನು ಹೊಡೀಬೋದು. ಪಾಪ ನನ್ ತಲೆಗೆ, ಮಗು ನಿಮ್ ತೊಟ್ಟಿಲಿಗೆ. ಅಲ್ವಾ ಸ್ವಾಮಿ?"

ರುದ್ರಸ್ವಾಮಿ ತಲೆ ತಗ್ಗಿಸಿದರು. ಚಿಕ್ಕಣ್ಣ ಕೋಲು ಬಿಟ್ಟ. "ಹೋಗ್ಲಾ. ನಿಮ್ಮಪ್ಪನ್ನ ತಿಂದೈತೆ. ಜಜ್ಜಿ ಬಾ."

ಪುಟ್ಟತಾಯಮ್ಮ ಮಗನ ಮುಖ ನೋಡಿದಳು. "ಹೊತ್ತು ನೆತ್ತಿಗೆ ಬರೋದ್ರೊಳಗೆ ಬಂದ್ಬುಡು. ನಿಮ್ಮಪ್ಪನ್ನ ಎತ್ತಬೇಕು," ಎಂದಳು.

*

ಜವರಯ್ಯ ಬರಿಗೈಯಲ್ಲಿ ಹಾವು ಮುಟ್ಟಿದವನಲ್ಲ. ಉದ್ದನೆಯ ಚೀಲದ ಬಾಯಿಗೆ ಬಿದಿರಿನ ಕೊಳವೆ ಕಟ್ಟಿ, ಕೊಂಡಿಯಿಂದ ಮೆಲ್ಲಗೆ ದಾರಿ ತೋರಿಸಿದರೆ, ಕತ್ತಲೆ ಹುಡುಕುವ ಹಾವು ತಾನಾಗಿ ಒಳಗೆ ಹೋಗುತ್ತಿತ್ತು. ಚೀಲದ ಕುತ್ತಿಗೆ ತಿರುಚಿ ಹಾಕಿದ ಗಂಟನ್ನು ಬೆಟ್ಟದ ತಪ್ಪಲಲ್ಲೇ ಬಿಚ್ಚಬೇಕು.

ನಿನ್ನೆಯೂ ಗಂಟು ಬಿದ್ದಿತ್ತು. ರುದ್ರಸ್ವಾಮಿಯ ತಾಯಿ ಶಾಂತಾದೇವಿ ಹಾಲಿನ ಬಟ್ಟಲು ಹಿಡಿದು ಬಂದರು. "ಒಂದ್ಸಲ ಹೆಡೆ ತೋರಿಸಿ, ಜವರಯ್ಯನವರೇ. ಸೊಸೆ ಬಸುರಿ. ಪೂಜೆ ಮಾಡ್ತೀನಿ."

ಇಪ್ಪತ್ತು ವರ್ಷ ಆ ಬೀದಿ ಅವನನ್ನು 'ಲೋ ಜವರ' ಎಂದೇ ಕರೆದಿತ್ತು. ಈಗ ಆ ತಾಯಿ ಬಟ್ಟಲು ಕೆಳಗಿಟ್ಟು ಕೈ ಮುಗಿದಿದ್ದರು. ಜವರಯ್ಯ ಕೂತು ಗಂಟು ಬಿಚ್ಚಿದ.

*

ಸೌದೆಗಳನ್ನು ಚೆಲುವರಾಜು ಕೊಂಡಿಯಿಂದಲೇ ಒಂದೊಂದಾಗಿ ಎಳೆದ. ಮೂಲೆಯಲ್ಲಿ ಹಾವು ಸುತ್ತಿಕೊಂಡಿತ್ತು. ಹೆಡೆ ಎತ್ತಲಿಲ್ಲ. ತಲೆ ಕೋಲಿಗೆ ಎಟುಕುವಂತೆಯೇ ಇತ್ತು. ಒಂದೇಟು ಸಾಕು.

ಅವನು ಕೋಲೆತ್ತಿದ. ಹಾವು ಗೋಡೆಗೆ ಇನ್ನಷ್ಟು ಒತ್ತಿಕೊಂಡಿತು, ನುಗ್ಗಲು ಬಿಲವಿಲ್ಲದೆ.

"ಥೂ," ಎಂದ. ಬಾಗಿಲ ಬಳಿ ಬಿದ್ದಿದ್ದ ಅಪ್ಪನ ಚೀಲದ ಕೊಳವೆಯನ್ನು ಕಾಲಿನಿಂದ ಅದರ ಮುಂದಕ್ಕೆ ತಳ್ಳಿದ.

ಗಂಟು ಹಾಕಿ ಹೊರಬಂದಾಗ ಬಾಗಿಲಲ್ಲಿ ಶಾಂತಾದೇವಿ ಅಳುತ್ತಿದ್ದರು. "ನನ್ನಿಂದ ಆಯ್ತು ಕಣಪ್ಪ..."

"ದಾರಿ ಬುಡಿ, ಅಮ್ಮ."

ಜಟಕಾದವನು ಚೀಲ ನೋಡಿ ಹತ್ತಿಸಿಕೊಳ್ಳಲಿಲ್ಲ. ಚೆಲುವರಾಜು ಅಶೋಕಪುರದವರೆಗೂ ನಡೆದ. ಹೆಣ ಎತ್ತಿ ಆಗಲೇ ಓಣಿಗೆ ತಂದಿದ್ದರು.

"ಜೀವಂತ ತಂದ್ಯೇನ್ಲಾ, ಬೇವಾರ್ಸಿ!" ಚಿಕ್ಕಣ್ಣ ಕೂಗಿದ.

"ಸುಡುಗಾಡು ದಾಟಿದ್ರೆ ತಪ್ಪಲು. ಬುಟ್ಟು ಬರ್ತೀನಿ."

"ಮಣ್ಣಿಗೆ ಹೋಗೋ ಹೆಣದ ಮುಂದೆ ಹಾವಾ?"

ಚೆಲುವರಾಜು ಚಟ್ಟದ ಮುಂದೆ ಹೋಗಿ ನಿಂತ. ಕೋಲಿನ ತುದಿಗೆ ತೂಗುಹಾಕಿದ ಚೀಲವನ್ನು ಮೈಯಿಂದ ದೂರ ಹಿಡಿದಿದ್ದ. ತಮಟೆಯವರು ಕಡ್ಡಿ ಎತ್ತಿದರು.

"ಬಡೀಬ್ಯಾಡಿ. ಬೆದರ್ತದೆ."

ಅವರು ಚಿಕ್ಕಣ್ಣನ ಕಡೆ ನೋಡಿದರು. ಚಿಕ್ಕಣ್ಣ ಅತ್ತ ಮುಖ ತಿರುಗಿಸಿ ಮೂಗು ಒರೆಸಿಕೊಂಡ. ತಮಟೆಗಳನ್ನು ಮಕ್ಕಳಂತೆ ಎದೆಗೆ ಅವಚಿಕೊಂಡು, ಬರಿಗಾಲನ್ನು ಮೆತ್ತಗೆ ಊರುತ್ತ, ಆರು ಜನ ತಮಟೆಯವರು ಚೀಲದ ಹಿಂದೆ ನಡೆದರು.